ಶಿಬಯಾಮ ಫಲಕವೋ, ಪೋರ್ಸೆಲಿನ್ ಫಲಕವೋ?

19ನೇ ಶತಮಾನದ ಕೊನೆಯ ಫ್ರೆಂಚ್ ಕ್ಯಾರೇಜ್ ಗಡಿಯಾರಗಳಲ್ಲಿ (ಪ್ರಯಾಣಕ್ಕೆ ಒಯ್ಯಲೆಂದು ಮಾಡಿದ, ಮೇಲೆ ಹಿಡಿಕೆಯಿರುವ ಸಣ್ಣ ಗಡಿಯಾರಗಳು) ಎರಡು ಬಗೆಯವನ್ನು ಇಲ್ಲಿ ಇಂಗ್ಲೆಂಡಿನ ಮನೆಯಲ್ಲಿ ಇಟ್ಟುಕೊಂಡು ನೋಡಿದ್ದೇನೆ. ಒಂದರ ಪಕ್ಕಗಳಿಗೆ ಚಿತ್ರ ಬರೆದ ಪೋರ್ಸೆಲಿನ್, ಅಂದರೆ ಪಿಂಗಾಣಿ; ಇನ್ನೊಂದಕ್ಕೆ ಜಪಾನಿನ ಶಿಬಯಾಮ ಕೆಲಸದ, ಅಂದರೆ ಚಿಪ್ಪು, ದಂತದ ಚೂರುಗಳನ್ನು ಕೂರಿಸಿದ ಫಲಕ. ಒಳಗಿನ ಯಂತ್ರದಲ್ಲಿ ಅಂಥ ವ್ಯತ್ಯಾಸವಿಲ್ಲ. ಎರಡೂ ಒಮ್ಮೆ ಕೀಲಿ ಕೊಟ್ಟರೆ ಎಂಟು ದಿನ ಓಡುತ್ತವೆ. ಮೇಲಿನ ಗುಂಡಿ ಒತ್ತಿದರೆ ಕಳೆದ ಗಂಟೆಯನ್ನು ಮತ್ತೆ ಬಾರಿಸುತ್ತವೆ. ಹಾಗಾಗಿ ಆಯ್ಕೆ ಮಾಡಬೇಕಿರುವುದು ಫಲಕವನ್ನೇ.

ನೋಟದಲ್ಲಿ ಶಿಬಯಾಮದ್ದೇ ಮೇಲುಗೈ. ನಮ್ಮ ಮೈಸೂರಿನ ಬೀಟೆ ಮರದ ಕೆಲಸದಲ್ಲಿ ಕೂರಿಸಿದ ತುಂಡು ಮರದ ಮಟ್ಟಕ್ಕೇ ಇರುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಮುತ್ತಿನ ಚಿಪ್ಪು, ದಂತ, ಹವಳ, ಆಮೆ ಚಿಪ್ಪನ್ನು ಕೆತ್ತಿ, ಲ್ಯಾಕರ್ (ಮರದ ರಾಳದ ಹೊಳಪು ಲೇಪ) ಮೇಲೆ ಉಬ್ಬಿ ನಿಲ್ಲುವಂತೆ ಕೂರಿಸುತ್ತಾರೆ. ನನ್ನ ಗಡಿಯಾರದ ಒಂದು ಪಕ್ಕದಲ್ಲಿ ಕೊಂಬೆಯ ಮೇಲೊಂದು ಹಕ್ಕಿ ಇದೆ. ರೆಕ್ಕೆಯ ಒಂದೊಂದು ಗರಿಯೂ ಬೇರೆ ಬೇರೆ ಚಿಪ್ಪಿನ ಚೂರು. ದೀಪವನ್ನು ಪಕ್ಕದಿಂದ ಹಿಡಿದರೆ ಹಸಿರು ಗರಿ ಗುಲಾಬಿಗೆ ತಿರುಗುತ್ತದೆ. 18ನೇ ಶತಮಾನದ ಕೊನೆಗೆ ಶುರುವಾದ ಈ ಕೆಲಸಕ್ಕೆ, 1868ರ ನಂತರ, ಜಪಾನಿನ ಮೇಜಿ ಚಕ್ರವರ್ತಿಯ ಕಾಲದಲ್ಲಿ ಯುರೋಪಿನಿಂದ ಬೇಡಿಕೆ ಜಾಸ್ತಿಯಾಯಿತು.

ಬಾಳಿಕೆಯ ಮಾತು ಬಂದರೆ ಪೋರ್ಸೆಲಿನ್ ಗೆಲ್ಲುತ್ತದೆ. ಬಿದ್ದರೆ ಒಡೆಯುತ್ತದೆ, ನಿಜ. ಆದರೆ ಬಣ್ಣ ಮಾಸುವುದಿಲ್ಲ, ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಶಿಬಯಾಮ ಫಲಕವನ್ನು ಹಾಗೆ ಒರೆಸಬೇಡಿ, ಉಬ್ಬಿದ ತುಂಡಿಗೆ ಬಟ್ಟೆಯ ಎಳೆ ಸಿಕ್ಕಿ ಕಿತ್ತು ಬರುತ್ತದೆ. ನಾನು ಒಣ ಬ್ರಷ್ ಮಾತ್ರ ಬಳಸುತ್ತೇನೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯೂ ಇದಕ್ಕೆ ಆಗದು. ಗಾಳಿ ಒಣಗಿದರೆ ಲ್ಯಾಕರ್ ಬಿರುಕು ಬಿಡುತ್ತದೆ, ಅಂಟು ಸಡಿಲವಾಗುತ್ತದೆ.

ಕೊಳ್ಳುವ ಮೊದಲು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ತುಂಡು ಉದುರಿದ ಕಡೆ ಸಣ್ಣ ಗುಳಿ ಕಾಣುತ್ತದೆ. ಒಂದು ಎಲೆ ಮಾತ್ರ ದಂತದ ಸಹಜ ಗೆರೆಯಿಲ್ಲದೆ ಬರೀ ಬಿಳಿಯಾಗಿದ್ದರೆ ಆಮೇಲೆ ಪ್ಲಾಸ್ಟಿಕ್ ಅಂಟಿಸಿರಬಹುದು. ಪೋರ್ಸೆಲಿನ್‌ನಲ್ಲಿ ಮೂಲೆಗಳ ಕೂದಲೆಳೆ ಬಿರುಕು ನೋಡಿದರೆ ಆಯಿತು.

ಸುಮ್ನೆ ಮೇಜಿನ ಮೇಲಿಟ್ಟು ದಿನಾ ಬಳಸುವವರಿಗೆ ಪೋರ್ಸೆಲಿನ್ ಸಾಕು. ನನಗೆ ಒಂದೇ ಇಟ್ಟುಕೋ ಅಂದರೆ, ಇಷ್ಟೆಲ್ಲ ಜೋಪಾನ ಬೇಕಿದ್ದರೂ ಶಿಬಯಾಮವನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ದಂತ ಇರುವ ವಸ್ತುವನ್ನು ಭಾರತಕ್ಕೆ ತರುವ ಯೋಚನೆ ಬಿಡಿ, ಅಲ್ಲಿ ದಂತದ ವ್ಯಾಪಾರವೇ ನಿಷಿದ್ಧ. ಬ್ರಿಟನ್ನಿನಲ್ಲೂ 2022ರಿಂದ ಬಿಗಿ ಕಾಯ್ದೆ ಇದೆ: 1947ಕ್ಕಿಂತ ಹಳೆಯದಾಗಿದ್ದು, ದಂತ ಶೇ. 10ಕ್ಕಿಂತ ಕಡಿಮೆ ಇರುವ ವಸ್ತುವನ್ನೂ ನೋಂದಣಿ ಇಲ್ಲದೆ ಮಾರುವಂತಿಲ್ಲ. ದುಡ್ಡು ಕೊಡುವ ಮೊದಲು ಆ ನೋಂದಣಿಯ ಕಾಗದ ಕೇಳಿ.