ಕಲಾವಿದರ ಪೋರ್ಟ್‌ಫೋಲಿಯೋಗೆ ಬಾಡಿಗೆ ಬಿಲ್ಡರೋ, ವರ್ಡ್‌ಪ್ರೆಸ್ಸೋ?

ಮೈಸೂರು ಶೈಲಿಯ ಚಿತ್ರ ಬರೆಯುವ ಕಲಾವಿದರೊಬ್ಬರಿಗೆ ಪೋರ್ಟ್‌ಫೋಲಿಯೋ ಸೈಟ್ ಮಾಡಿಕೊಟ್ಟೆ. ಮೊದಲು ಬಾಡಿಗೆ ಕಟ್ಟಿ ಬಳಸುವ ಒಂದು ವೆಬ್‌ಸೈಟ್ ಬಿಲ್ಡರ್‌ನಲ್ಲಿ (ಸಿದ್ಧ ವಿನ್ಯಾಸ ಅಂದರೆ ಟೆಂಪ್ಲೇಟ್ ಆರಿಸಿ ಸೈಟ್ ಮಾಡುವ ಸೇವೆ) ಕಟ್ಟಿ ನೋಡಿದೆ, ಆಮೇಲೆ ವರ್ಡ್‌ಪ್ರೆಸ್‌ಗೆ, ಅಂದರೆ ನಾವೇ ಹಾಕಿಕೊಂಡು ನಡೆಸುವ ಉಚಿತ ಸೈಟ್ ತಂತ್ರಾಂಶಕ್ಕೆ, ಬಂದೆ. ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ವರ್ಡ್‌ಪ್ರೆಸ್ಸೇ. ಸೈಟಿನಲ್ಲಿ ಕನ್ನಡ ಇದ್ದರಂತೂ ಬೇರೆ ಮಾತೇ ಇಲ್ಲ.

ಬಿಲ್ಡರ್‌ನಲ್ಲಿ ಕೆಲಸ ಬೇಗ ಆಗುತ್ತದೆ, ಅದು ನಿಜ. ಚಿತ್ರ ಎಳೆದು ತಂದು ಬಿಟ್ಟರೆ ಗ್ಯಾಲರಿ ತಯಾರು. ಬ್ಯಾಕಪ್, ಅಪ್‌ಡೇಟ್ ಯಾವುದರ ತಲೆನೋವೂ ಇಲ್ಲ.

ತೊಡಕು ಶುರುವಾಗಿದ್ದು ಚಿತ್ರಗಳ ಹೆಸರು ಹಾಕುವಾಗ. ಟೆಂಪ್ಲೇಟ್ ಮಾಡಿದ್ದು ಇಂಗ್ಲಿಷ್ ಅಕ್ಷರಕ್ಕೆ. ದೊಡ್ಡ ಶೀರ್ಷಿಕೆಗಳಲ್ಲಿ ಸಾಲಿನ ಎತ್ತರ ಅಕ್ಷರದಷ್ಟೇ ಇರುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಒತ್ತಕ್ಷರ ಎಲ್ಲಿ ಕೂರಬೇಕು? ‘ನವನೀತ ಕೃಷ್ಣ’ ಅಂತ ಹಾಕಿದರೆ ಷಕಾರದ ಕೆಳಗಿನ ಣ ಒತ್ತು ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು. ‘ಶ್ರೀರಾಮ ಪಟ್ಟಾಭಿಷೇಕ’ ಮೊಬೈಲಿನಲ್ಲಿ ಎರಡು ಸಾಲಾದಾಗ ಮೇಲಿನ ರ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು.

ಫಾಂಟ್ ಪಟ್ಟಿಯಲ್ಲೂ ಅದೇ ಕಥೆ. ಹೆಸರುಗಳು ಬೇಕಾದಷ್ಟಿವೆ, ಕನ್ನಡ ಅಕ್ಷರ ಇರುವವು ಬೆರಳೆಣಿಕೆಯಷ್ಟು. ಕನ್ನಡ ಇಲ್ಲದ ಫಾಂಟ್ ಆರಿಸಿದರೆ ಆಯಾ ಸಾಧನದಲ್ಲಿರುವ ಕನ್ನಡ ಫಾಂಟನ್ನೇ ಬ್ರೌಸರ್ ತೋರಿಸುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೋ. ಒಂದೇ ಸೈಟು, ಎರಡು ಮುಖ. ಸಿಎಸ್ಎಸ್‌ನಲ್ಲಿ, ಅಂದರೆ ಪುಟ ಹೇಗೆ ಕಾಣಬೇಕೆಂದು ಹೇಳುವ ಕೋಡ್‌ನಲ್ಲಿ, ಎರಡು ಸಾಲು ಬರೆದರೆ ಸರಿಹೋಗುವ ವಿಷಯ ಇದು. ಆದರೆ ಅಲ್ಲಿ ಸಿಎಸ್ಎಸ್ ಹಾಕಬೇಕಾದರೆ ಮೇಲಿನ ಪ್ಲಾನ್ ತಗೋಬೇಕು. ಕನ್ನಡ ನೆಟ್ಟಗೆ ಕಾಣಲಿ ಅನ್ನೋದಕ್ಕೆ ಕಲಾವಿದರ ಹತ್ತಿರ ಜಾಸ್ತಿ ದುಡ್ಡು ಕೇಳೋದು ನನಗೆ ಒಪ್ಪಿಗೆಯಾಗಲಿಲ್ಲ. ನೀವು ಯಾವ ಬಿಲ್ಡರ್ ನೋಡುತ್ತಿದ್ದರೂ ಹಣ ಕಟ್ಟುವ ಮುಂಚೆ ಒಂದು ಒತ್ತಕ್ಷರದ ಹೆಸರು ಹಾಕಿ ಮೊಬೈಲಿನಲ್ಲಿ ನೋಡಿಕೊಳ್ಳಿ.

ವರ್ಡ್‌ಪ್ರೆಸ್‌ನಲ್ಲಿ ಇದು ಸಲೀಸು. 2024ರಲ್ಲಿ ಬಂದ 6.5 ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳಲ್ಲಿ (ಪುಟವನ್ನು ತುಂಡು ತುಂಡಾಗಿ ಜೋಡಿಸುವ ವಿನ್ಯಾಸಗಳು) ಬೇಕಾದ ಫಾಂಟ್ ಸೇರಿಸಿಕೊಳ್ಳುವ ಫಾಂಟ್ ಲೈಬ್ರರಿ ಇದೆ. ಗೂಗಲ್ ಫಾಂಟ್ಸ್‌ನಿಂದ ಶೀರ್ಷಿಕೆಗೆ ಟಿರೋ ಕನ್ನಡ, ವಿವರಕ್ಕೆ ನೋಟೋ ಸಾನ್ಸ್ ಕನ್ನಡ ಇಳಿಸಿಕೊಂಡೆ. ಸ್ಟೈಲ್ಸ್, ಟೈಪೋಗ್ರಫಿ, ಹೆಡಿಂಗ್ಸ್ ಅಂತ ಒಳಗೆ ಹೋಗಿ ಲೈನ್ ಹೈಟ್ (ಸಾಲಿನ ಎತ್ತರ) 1.6 ಮಾಡಿದೆ. ಕೃಷ್ಣನ ಒತ್ತು ಪೂರ್ತಿ ಕಂಡಿತು, ಸಿಎಸ್ಎಸ್ ಮುಟ್ಟಲೂ ಬೇಕಾಗಲಿಲ್ಲ.

ಚಿತ್ರಗಳ ಬಗ್ಗೆ ಒಂದು ಎಚ್ಚರ. ಅಗಲ ಅಥವಾ ಎತ್ತರ 2560 ಪಿಕ್ಸೆಲ್ ದಾಟಿದರೆ ವರ್ಡ್‌ಪ್ರೆಸ್ ತಾನೇ ಚಿತ್ರವನ್ನು ಚಿಕ್ಕದು ಮಾಡುತ್ತದೆ. ಚಿನ್ನದ ರೇಕಿನ ಉಬ್ಬುಗೆಲಸ ಮಂಕಾಗಬಾರದು ಅಲ್ವಾ? ಅದಕ್ಕೆ ನಾನೇ 2400ಕ್ಕೆ ಇಳಿಸಿ ಹಾಕುತ್ತೇನೆ.

ಕಲಾವಿದರ ಪರಿಚಯ ಬರಹ ಹಳೆಯ ನುಡಿ ತಂತ್ರಾಂಶದ ಫೈಲಿನಲ್ಲಿತ್ತು. ಅದನ್ನು ವೆಬ್‌ನಲ್ಲಿ ಓದಲಾಗುವ ಯೂನಿಕೋಡಿಗೆ ಬದಲಿಸಿಕೊಳ್ಳುವ ಕೆಲಸ ಎರಡರಲ್ಲೂ ತಪ್ಪಲಿಲ್ಲ.

ಗೂಗಲ್‌ನದೇ ಸೈಟ್ ಕಟ್ಟುವ ಸೇವೆ ಗೂಗಲ್ ಸೈಟ್ಸ್ ಉಚಿತ. ಶಾಲೆಯ ಸೂಚನೆ ಪುಟಕ್ಕೆ ಸಾಕು, ಚಿತ್ರಕಾರರಿಗೆ ಸಾಲದು.

ಹಣದ ವಿಷಯ. ಆ ಬಿಲ್ಡರ್‌ಗೆ ಡಾಲರ್‌ನಲ್ಲಿ ಕಟ್ಟಬೇಕು, ಹೊರದೇಶದ ಪಾವತಿಗೆ ಒಪ್ಪುವ ಕಾರ್ಡ್ ಬೇಕು. ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ದುಡ್ಡಿಲ್ಲ, ಹೋಸ್ಟಿಂಗ್ (ಸೈಟ್ ಇಡುವ ಜಾಗ) ಮತ್ತು ಡೊಮೈನ್‌ಗೆ (ಸೈಟಿನ ವಿಳಾಸ) ಮಾತ್ರ. ಎರಡನ್ನೂ ಕಲಾವಿದರು ತಮ್ಮ ಹೆಸರಿನಲ್ಲೇ, ಯುಪಿಐಯಲ್ಲಿ ತಗೊಂಡರು. ನಾಳೆ ನಾನು ಸಿಗದಿದ್ದರೂ ಇಡೀ ಸೈಟನ್ನು ಬೇರೆ ಹೋಸ್ಟಿಂಗಿಗೆ ಸಾಗಿಸಬಹುದು. ಬಾಡಿಗೆ ಬಿಲ್ಡರ್‌ನಲ್ಲಿ ಆ ದಾರಿಯೇ ಇರಲಿಲ್ಲ.

ಪ್ಲಗಿನ್ (ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ) ಅಪ್‌ಡೇಟ್, ಬ್ಯಾಕಪ್ ನೋಡುವ ಅಭ್ಯಾಸ ನನಗಿದೆ, ಅದಕ್ಕೇ ವರ್ಡ್‌ಪ್ರೆಸ್ ಹೊಂದುತ್ತದೆ. ನಿಮಗೆ ಅದು ಆಗದು, ಸೈಟೂ ಬರೀ ಇಂಗ್ಲಿಷಿನದು ಅಂದರೆ ಬಿಲ್ಡರ್ ತಗೊಳ್ಳಿ, ತೊಂದರೆಯಿಲ್ಲ.