ಪ್ಲಸ್-ಮೈನಸ್ 12 ವೋಲ್ಟ್: ಟ್ರಾನ್ಸ್‌ಫಾರ್ಮರ್, ಎಸ್‌ಎಂಪಿಎಸ್, ಇಲ್ಲ ಎರಡು ಅಡಾಪ್ಟರ್?

ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಸರ್ಕ್ಯೂಟಿಗೆ ಪ್ಲಸ್ 12, ಮೈನಸ್ 12 ಎರಡೂ ಬೇಕೆಂದರೆ 15-0-15 ಟ್ರಾನ್ಸ್‌ಫಾರ್ಮರ್ (ನಡುವಿನ ತಂತಿಯಿಂದ ಎರಡೂ ಬದಿಗೆ 15 ವೋಲ್ಟ್ ಎಸಿ), ಎಸಿಯನ್ನು ಡಿಸಿ ಮಾಡುವ ಒಂದು ಡಯೋಡ್ ಬ್ರಿಡ್ಜ್, ಬದಿಗೊಂದು 2200 ಮೈಕ್ರೋಫ್ಯಾರಡ್ ಕೆಪಾಸಿಟರ್, ಪ್ಲಸ್ 12ಕ್ಕೆ ಒಂದು 7812 ರೆಗ್ಯುಲೇಟರ್, ಮೈನಸ್ 12ಕ್ಕೆ ಒಂದು 7912. ಒಂದೇ ಪ್ರೀಆಂಪ್ ಬೋರ್ಡಿಗೆ ಮೂರೂ ಬಗೆಯ ಸಪ್ಲೈ ಕೊಟ್ಟು ಕೇಳಿದಾಗ ಸದ್ದಿಲ್ಲದೆ ಇದ್ದದ್ದು ಇದೊಂದೇ.

ಎರಡು ಅಡಾಪ್ಟರ್‌ಗಳನ್ನು ಸೀರೀಸ್‌ನಲ್ಲಿ ಕಟ್ಟಿ, ನಡುವಿನ ಜೋಡಣೆಯನ್ನು ಗ್ರೌಂಡ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಆದರೆ ಮೂರು ಪಿನ್ನಿನ ಕೆಲವು ಅಡಾಪ್ಟರ್‌ಗಳ ಮೈನಸ್ ಒಳಗೇ ಅರ್ತಿಗೆ ಸೇರಿರುತ್ತದೆ. ಅಂಥ ಎರಡನ್ನು ಕಟ್ಟಿದರೆ ಒಂದು ನೇರ ಶಾರ್ಟ್. ಎರಡು ಪಿನ್ನಿನವಾದರೆ ಒಳಗೆ ಮೇನ್ಸ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ಇರುವ ವೈ ಕೆಪಾಸಿಟರ್‌ನಿಂದ ಸೋರುವ ಕರೆಂಟು ಆಡಿಯೊ ಗ್ರೌಂಡಿಗೆ ಬಂದು ಗುಂಯ್‌ಗುಡುತ್ತದೆ.

ಎರಡು ಔಟ್‌ಪುಟ್‌ನ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಹಗುರ, ತಣ್ಣಗಿರುತ್ತದೆ. ಅಗ್ಗದವುಗಳಲ್ಲಿ ವೋಲ್ಟೇಜ್ ನೋಡಿ ಸರಿಪಡಿಸುವ ಫೀಡ್‌ಬ್ಯಾಕ್ ಸಾಮಾನ್ಯವಾಗಿ ಒಂದೇ ಔಟ್‌ಪುಟ್‌ಗೆ. ಪ್ಲಸ್ ಬದಿಗೆ ಲೋಡ್ ಹೆಚ್ಚಿದರೆ ಮೈನಸ್ ಬದಿಯ ವೋಲ್ಟೇಜ್ ಸುಮ್ಮನೆ ಮೇಲೇರುತ್ತದೆ.

ಟ್ರಾನ್ಸ್‌ಫಾರ್ಮರ್ ದಾರಿಯಲ್ಲಿ ನಿಜವಾಗಿ ಕಾಡುವುದು 7912. 7812ರ ಕಾಲುಗಳು ಮುಂದಿನಿಂದ ನೋಡಿದರೆ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರದ್ದು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಲೋಹದ ಬೆನ್ನು ಎರಡರಲ್ಲೂ ನಡುಗಾಲಿಗೇ ಸೇರಿದೆ. ಅಂದರೆ 7912ರ ಬೆನ್ನಿನಲ್ಲಿ ಇನ್‌ಪುಟ್‌ನ ಮೈನಸ್ 20 ವೋಲ್ಟ್ ಕೂತಿರುತ್ತದೆ. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಹಾಗೇ ಬಿಗಿದರೆ ಮೈನಸ್ ಬದಿ ಪೂರ್ತಿ ಗ್ರೌಂಡಿಗೆ ಶಾರ್ಟ್.

ಕರೆಂಟು ದಾಟದಂತೆ ಬೆನ್ನಿಗೂ ಹೀಟ್‌ಸಿಂಕಿಗೂ ನಡುವೆ ಮೈಕಾ ಹಾಳೆ ಇಟ್ಟೂ ಶಾರ್ಟ್ ಆಗುವುದುಂಟು. ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕದಿದ್ದರೆ ಕರೆಂಟು ಸ್ಕ್ರೂ ಮೂಲಕವೇ ಹೋಗುತ್ತದೆ. ಇನ್ನೊಂದು, ಡ್ರಿಲ್ ಮಾಡಿದ ತೂತಿನ ಅಂಚಿನಲ್ಲಿ ಉಳಿದ ಚೂಪು ಲೋಹ ಬಿಗಿಯುವಾಗ ಮೈಕಾವನ್ನು ಚುಚ್ಚುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತೂತನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ಸವರಿ, ಬೆರಳಾಡಿಸಿ ನೋಡಿ. ಕರೆಂಟು ಕೊಡುವ ಮೊದಲು 7912ರ ಬೆನ್ನಿಗೂ ಹೀಟ್‌ಸಿಂಕಿಗೂ ಮಲ್ಟಿಮೀಟರ್ ಹಿಡಿಯಿರಿ, ಬೀಪ್ ಬರಬಾರದು. ಬೇರೆ ಬೇರೆ ಹೀಟ್‌ಸಿಂಕ್ ಕೊಟ್ಟರೆ ಈ ತಲೆನೋವೇ ಇಲ್ಲ, ಅವು ಒಂದಕ್ಕೊಂದಾಗಲಿ, ಗ್ರೌಂಡಿಗೆ ಸೇರಿದ ಲೋಹದ ಪೆಟ್ಟಿಗೆಗಾಗಲಿ ತಾಗದಿದ್ದರೆ ಸಾಕು.

7912ರ ಔಟ್‌ಪುಟ್‌ಗೆ 25 ಮೈಕ್ರೋಫ್ಯಾರಡ್ ಇಲ್ಲವೇ ಹೆಚ್ಚಿನ ಎಲೆಕ್ಟ್ರೋಲಿಟಿಕ್ ಕಡ್ಡಾಯ, ಇಲ್ಲದಿದ್ದರೆ ಆಸಿಲೇಟ್ ಆಗುತ್ತದೆ, ಅಂದರೆ ಔಟ್‌ಪುಟ್ ತಾನೇ ಓಲಾಡತೊಡಗುತ್ತದೆ. ಎರಡೂ ಔಟ್‌ಪುಟ್‌ಗಳಿಂದ ಗ್ರೌಂಡಿಗೆ ಒಂದೊಂದು 1ಎನ್4001 ಡಯೋಡ್ ಉಲ್ಟಾ ಹಾಕಿ. ಮೈನಸ್ ಬದಿ ಮೊದಲು ಎದ್ದು ಪ್ಲಸ್ ಔಟ್‌ಪುಟ್ಟನ್ನು ಸೊನ್ನೆಗಿಂತ ಕೆಳಗೆಳೆದರೆ 7812 ಏಳದೇ ಉಳಿಯಬಹುದು.

12-0-12 ಟ್ರಾನ್ಸ್‌ಫಾರ್ಮರ್ ಸಾಲದೇ? ಪೀಕ್ 17, ಡಯೋಡ್ ಕಳೆದರೆ 16. ಮೇನ್ಸ್ 10 ಶೇಕಡಾ ಇಳಿದರೆ 14ರ ಆಸುಪಾಸು. 7812ರ ಇನ್‌ಪುಟ್‌ಗೂ ಕಡಿಮೆಯೆಂದರೆ ಸುಮಾರು 14 ಬೇಕು. ಮೇಲೆ 100 ಮಿಲಿಆಂಪ್‌ಗೆ ಅರ್ಧ ವೋಲ್ಟ್ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಬೇರೆ. ಹಮ್ ಶುರು.

15-0-15ರ ಬೆಲೆ ಬಿಸಿ. 20 ವೋಲ್ಟನ್ನು 12ಕ್ಕೆ ಇಳಿಸುವಾಗ 200 ಮಿಲಿಆಂಪ್‌ಗೆ ಪ್ರತಿ ರೆಗ್ಯುಲೇಟರ್ 1.6 ವಾಟ್ ಸುಡುತ್ತದೆ, ಚಿಕ್ಕ ಹೀಟ್‌ಸಿಂಕ್ ಸಾಕು. 1 ಆಂಪಿಯರ್ ಎಳೆಯುವ ಮೋಟರು, ರಿಲೇಗಳಿದ್ದರೆ ಅದು 8 ವಾಟ್. ಅಲ್ಲಿ ನಾನೂ ಎಸ್‌ಎಂಪಿಎಸ್ಸನ್ನೇ ಹಾಕುತ್ತೇನೆ. ಪ್ರೀಆಂಪ್, ಮಿಕ್ಸರ್, ಸೆನ್ಸರ್ ಬೋರ್ಡುಗಳಿಗೆ ಮಾತ್ರ ಟ್ರಾನ್ಸ್‌ಫಾರ್ಮರೇ.