ಅಂತ್ಯಕಾಲದ ಸೂಚನೆಗಳು: ಕಾರವಾರದ ಮೂರು ಸಂಜೆಗಳ ಬೈಬಲ್ ತರಗತಿ

ಯುದ್ಧದ ಸುದ್ದಿ ಬಂದಾಗಲೆಲ್ಲ ಮನೆಯ ಹಿರಿಯರು, ಯೇಸು ಅಂತ್ಯಕಾಲದ ಸೂಚನೆಗಳನ್ನು ಹೇಳುವ ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯವನ್ನು ತೆರೆಯುವುದನ್ನು ಕಂಡು ಬೆಳೆದ ನಾನು, ಕೋಡಿಬಾಗದ ಬಾಡಿಗೆ ಸಭಾಂಗಣವೊಂದರಲ್ಲಿ ನಡೆದ ಈ ಉಚಿತ ತರಗತಿಗೆ ಬಹಳ ಆಸೆಯಿಂದ ಹೋಗಿದ್ದೆ. ಬೋಧಕರು ಆ ಅಧ್ಯಾಯವನ್ನು ನಿಧಾನವಾಗಿ ಓದಿಸಿ, ಯುದ್ಧ, ಬರ, ಭೂಕಂಪಗಳನ್ನು ಯೇಸು ಪ್ರಸವವೇದನೆಯ ಆರಂಭವೆಂದು ಕರೆದಿದ್ದಾನೆಯೇ ಹೊರತು ಅಂತ್ಯವೆಂದಲ್ಲ ಎಂಬುದನ್ನು ತೋರಿಸಿದರು. 1948ರ ಇಸ್ರೇಲ್ ಸ್ಥಾಪನೆಯನ್ನು, ಅಂತ್ಯ ಹತ್ತಿರವಾಯಿತೆನ್ನಲು ಯೇಸು ಅದೇ ಅಧ್ಯಾಯದಲ್ಲಿ ಕೊಡುವ ಹೋಲಿಕೆಯಾದ ಅಂಜೂರದ ಮರ ಚಿಗುರಿದ ಗುರುತೆಂದು ಓದುವವರ ವಾದವನ್ನೂ, ಆ ಮಾತುಗಳ ಬಹುಭಾಗ ಕ್ರಿ.ಶ. 70ರಲ್ಲಿ ಯೆರೂಸಲೇಮಿನ ನಾಶದೊಂದಿಗೇ ನೆರವೇರಿತೆನ್ನುವವರ ವಾದವನ್ನೂ ಸಮಾನ ಗೌರವದಿಂದ ವಿವರಿಸಿದ್ದು ನನಗೆ ತುಂಬ ಹಿಡಿಸಿತು.

2019ರ ಆಗಸ್ಟಿನ ಕಾಳಿ ನದಿಯ ನೆರೆಯಲ್ಲಿ ಮನೆಯೊಳಗೆ ನೀರು ನುಗ್ಗಿದ್ದನ್ನು ಹೇಳಿಕೊಂಡ ಮಹಿಳೆಯೊಬ್ಬರು, ಅದೂ ಸೂಚನೆಯೇ ಎಂದು ಕೇಳಿದಾಗ, ಬೋಧಕರು ಬೈಬಲ್ ಮುಚ್ಚಿಟ್ಟು ಅವರ ಮಾತು ಮುಗಿಯುವವರೆಗೂ ಕೇಳಿದರು. ಇಂಥ ಸಹನೆ ವಿರಳ.

ಕೊನೆಯ ಸಂಜೆ ಮಾತ್ರ ನಿರಾಸೆಯಾಯಿತು. ಅತಿಥಿ ಭಾಷಣಕಾರರು ಆಧಾರ್ ಸಂಖ್ಯೆಯನ್ನು ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ 13ನೆಯ ಅಧ್ಯಾಯದ ಮೃಗದ ಮುದ್ರೆಗೆ (ಅದಿಲ್ಲದೆ ಯಾರೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ ಎನ್ನಲಾದ ಗುರುತಿಗೆ) ಹೋಲಿಸಿ, ಮಕ್ಕಳೂ ಕುಳಿತಿದ್ದ ಸಭೆಯಲ್ಲಿ ಬರೀ ಭಯ ಹುಟ್ಟಿಸಿದರು. ಅಮೆರಿಕದಲ್ಲಿ 1844ರ ಅಕ್ಟೋಬರ್ 22ರಂದು ಕ್ರಿಸ್ತನ ಬರೋಣಕ್ಕಾಗಿ ಕಾದು ಕಂಗೆಟ್ಟ, ಬೋಧಕ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳ ಕಥೆಯನ್ನು ಅಂದು ಹೇಳಲೇಬೇಕಿತ್ತು.